ಅಮ್ಮನ ಕಾಲದ ಪ್ರೇಮ ಕಾದಂಬರಿ: ಮೋಹನನ ಲೆಕ್ಕ, ಗೌರಿಯ ಕಾಯುವಿಕೆ, ಕಾವೇರಿಯ ಕಾಯಿಲೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಹೋದ ಸಂಚಿಕೆ ಎಸ್‌ಐಪಿ ಬಗ್ಗೆ ಇತ್ತು, ಇವತ್ತಿನದು ಪ್ರೀತಿ ಬಗ್ಗೆ. ಗಾಬರಿ ಬೇಡ, ಇಲ್ಲೂ ಲೆಕ್ಕ ಬರುತ್ತೆ. ಬಿ.ಕಾಂ. ಓದಿದವಳ ಕೈಗೆ ಪ್ರೇಮ ಕಾದಂಬರಿ ಕೊಟ್ರೆ ಅವಳು ಮೊದಲು ನೋಡೋದು ಆಸ್ತಿ ಯಾರ ಹೆಸರಲ್ಲಿದೆ ಅಂತ.

ಒಬ್ಬ ಕೇಳುಗರು ಕಳಿಸಿದ ವಾಯ್ಸ್ ನೋಟ್ ಈ ಸಂಚಿಕೆಗೆ ಕಾರಣ. ಅವರ ಮನೆ ಅಟ್ಟದಲ್ಲಿ ಒಂದು ಪೆಟ್ಟಿಗೆ ತುಂಬಾ ಹಳೇ ಕಾದಂಬರಿ ಸಿಕ್ಕಿವೆ. ಖುಷಿಯಿಂದ ಒಂದನ್ನ ಶುರು ಮಾಡಿದ್ದಾರೆ. ನಲವತ್ತು ಪುಟಕ್ಕೇ ಸಿಟ್ಟು ಬಂದು ಮುಚ್ಚಿಟ್ಟಿದ್ದಾರೆ. "ಈ ನಾಯಕಿ ಯಾಕೆ ಇಷ್ಟು ಅಳ್ತಾಳೆ? ಅವನು ಮಾತಾಡಿಸದೇ ಇದ್ರೂ ಯಾಕೆ ಕಾಯ್ತಾಳೆ? ಇದನ್ನೆಲ್ಲ ಈಗ ಯಾಕೆ ಓದಬೇಕು?" ಅಂತ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎರಡು ತಿಂಗಳು ನಾನೂ ಕೂತು ಓದಿದೆ. ಓದ್ತಾ ಕೆಲವು ಕಡೆ ನನಗೂ ಸಿಟ್ಟು ಬಂತು. ಒಂದು ಕಡೆ ಮಾತ್ರ ಮೈ ತಣ್ಣಗಾಯ್ತು. ಆ ಜಾಗಕ್ಕೆ ಆಮೇಲೆ ಬರ್ತೀನಿ.

ಮೊದಲು ನಾನು ಯಾವ ಪುಸ್ತಕಗಳ ಬಗ್ಗೆ ಮಾತಾಡ್ತಿದ್ದೀನಿ ಅಂತ ಹೇಳ್ಬಿಡ್ತೀನಿ. ಐವತ್ತರ ದಶಕದಿಂದ ಎಂಬತ್ತರ ದಶಕದವರೆಗೆ ಕನ್ನಡದಲ್ಲಿ ಮನೆಮನೆಯಲ್ಲೂ ಓದಿಸಿಕೊಂಡ ಕಾದಂಬರಿಗಳು. ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಗಂಡಸರೂ ಬರೆದರು: ಉತ್ತರ ಕರ್ನಾಟಕದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳಿಗೆ ದೊಡ್ಡ ಓದುಗ ಬಳಗ ಇತ್ತು. ಈ ಹೆಸರು ಯಾವುದೂ ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ. ಇವರ ಕತೆಗಳು ನಿಮಗೆ ಗೊತ್ತು, ಸಿನಿಮಾ ರೂಪದಲ್ಲಿ. ಬೆಳ್ಳಿಮೋಡ, ಶರಪಂಜರ, ಗೆಜ್ಜೆಪೂಜೆ, ಎರಡು ಕನಸು, ಶುಭಮಂಗಳ, ಹೊಂಬಿಸಿಲು, ಹೊಸಬೆಳಕು, ಬಂಧನ. ಇಷ್ಟೂ ಕಾದಂಬರಿಯಿಂದ ಬಂದ ಚಿತ್ರಗಳು. ಆ ಕಾಲದ ಟೈಟಲ್ ಕಾರ್ಡ್ ಗಮನಿಸಿ ನೋಡಿ, ಕಾದಂಬರಿಗಾರ್ತಿಯ ಹೆಸರು ಇರುತ್ತೆ.

ಇವು ಓದುಗರ ಕೈಗೆ ಹೋಗ್ತಿದ್ದ ದಾರಿ ಕೂಡ ಸ್ವಾರಸ್ಯವಾದದ್ದು. ಒಂದು ದಾರಿ ಪತ್ರಿಕೆ. 'ಪ್ರಜಾಮತ', 'ಕರ್ಮವೀರ', 1965ರಲ್ಲಿ ಶುರುವಾದ 'ಸುಧಾ', 1983ರಲ್ಲಿ ಬಂದ 'ತರಂಗ'. ವಾರಕ್ಕೆ ನಾಲ್ಕೈದು ಪುಟ ಧಾರಾವಾಹಿ, ಸರಿಯಾಗಿ ಬಾಗಿಲು ತಟ್ಟಿದ ಸದ್ದು ಆಗೋ ಹೊತ್ತಿಗೆ 'ಮುಂದಿನ ವಾರಕ್ಕೆ'. ನಮ್ಮಮ್ಮ ಆ ಪುಟಗಳನ್ನ ಪಿನ್ ಕಿತ್ತು ಬಿಡಿಸಿ, ಒಟ್ಟು ಸೇರಿಸಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಟ್ಟಿದ್ದಾಳೆ. ಅದರ ಹಿಂಭಾಗದಲ್ಲಿ ಅರ್ಧ ಹರಿದ ಸೋಪಿನ ಜಾಹೀರಾತು, ಅರ್ಧ ಹರಿದ ವಾರಭವಿಷ್ಯ. ಇನ್ನೊಂದು ದಾರಿ ಸರ್ಕ್ಯುಲೇಟಿಂಗ್ ಲೈಬ್ರರಿ. ಬೀದಿ ಮೂಲೆಯ ಸಣ್ಣ ಅಂಗಡಿ, ಠೇವಣಿ ಇಟ್ಟು ದಿನಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು ಪುಸ್ತಕ ತರೋದು. ಒಬ್ಬರು ಬಾಡಿಗೆಗೆ ತಂದರೆ ಮನೇಲಿ ಮೂರು ಜನ ಓದೋರು, ಪಕ್ಕದ ಮನೆಗೂ ಒಂದು ರಾತ್ರಿ ಹೋಗಿ ಬರೋದು. ಓಟಿಟಿ ಪಾಸ್‌ವರ್ಡ್ ಹಂಚಿಕೊಳ್ಳೋದನ್ನ ನಾವೇ ಕಂಡುಹಿಡಿದ್ವಿ ಅಂತ ಅಂದುಕೊಂಡಿದ್ದೀವಿ.

ಹಾಗಂತ ಗೌರವ ಇತ್ತಾ? ಇಲ್ಲ. ಹೆಂಗಸರು ಬರೆದದ್ದಕ್ಕೆ ವಿಮರ್ಶಕರ ವಲಯದಲ್ಲಿ 'ಅಡುಗೆಮನೆ ಸಾಹಿತ್ಯ' ಅನ್ನೋ ಕೊಂಕು ಇತ್ತು. ಮನೆಯಲ್ಲಿ ಬೇರೆ ಥರದ ಕೊಂಕು. ಕಾದಂಬರಿ ಓದಿ ಹುಡುಗಿ ಕೆಡ್ತಾಳೆ ಅಂತ. ಒಂದು ಕಡೆ ಇದು ಸಾಹಿತ್ಯವೇ ಅಲ್ಲ, ಇನ್ನೊಂದು ಕಡೆ ಇದು ಅಪಾಯ. ಅಷ್ಟು ಸಪ್ಪೆಯಾದ ವಸ್ತು ಅಷ್ಟು ಅಪಾಯಕಾರಿ ಹೇಗಾಗುತ್ತೆ ಅಂತ ಯಾರೂ ಕೇಳಲಿಲ್ಲ.

ಸರಿ, ಈಗ ಮೊದಲ ಪುಸ್ತಕ. 'ಬೆಳ್ಳಿಮೋಡ'.

ಬರೆದವರು ತ್ರಿವೇಣಿ. ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಮೈಸೂರಿನಲ್ಲಿ ಹುಟ್ಟಿದರು, ಮನಶ್ಶಾಸ್ತ್ರ ಓದಿದರು. ಮೊದಲ ಕಾದಂಬರಿ 'ಅಪಸ್ವರ' 1953ರಲ್ಲಿ ಬಂತು. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ತಮ್ಮ ಮೊದಲ ಕನ್ನಡ ಚಿತ್ರವಾಗಿ 'ಬೆಳ್ಳಿಮೋಡ' ತೆಗೆದಾಗ ಬರೆದವರು ಇರಲಿಲ್ಲ.

ಕತೆ ಹೀಗಿದೆ. ಸ್ಪಾಯ್ಲರ್ ಇದೆ, ಅರವತ್ತು ವರ್ಷದ ಹಿಂದಿನ ಕತೆ, ಕ್ಷಮಿಸಿ. ಮಲೆನಾಡಿನ ಕಾಫಿ ತೋಟದ ಸಾಹುಕಾರರಿಗೆ ಒಬ್ಬಳೇ ಮಗಳು, ಇಂದಿರಾ. ಮೋಹನ ಅನ್ನೋ ಬಡ ಕುಟುಂಬದ ಬುದ್ಧಿವಂತ ಹುಡುಗನಿಗೆ ಅವಳನ್ನ ಕೊಡೋದು ಅಂತ ನಿಶ್ಚಯ ಆಗುತ್ತೆ. ಅವನನ್ನ ಅಮೆರಿಕಕ್ಕೆ ಓದೋಕೆ ಕಳಿಸೋ ಖರ್ಚು ಮಾವನಾಗುವವರದ್ದು. ಅವನು ಅಲ್ಲಿದ್ದಾಗ ಇಲ್ಲಿ ಯಾರೂ ನಿರೀಕ್ಷೆ ಮಾಡದ ಒಂದು ಸಂಗತಿ ನಡೆಯುತ್ತೆ. ಇಷ್ಟು ವರ್ಷದ ಮೇಲೆ ಇಂದಿರಾಳ ತಾಯಿ ಬಸುರಾಗ್ತಾರೆ, ಗಂಡು ಮಗು ಹುಟ್ಟುತ್ತೆ. ವಾಪಸ್ ಬಂದ ಮೋಹನನಿಗೆ ಗೊತ್ತಾಗುತ್ತೆ, ಇಂದಿರಾ ಈಗ ಇಡೀ ತೋಟದ ವಾರಸುದಾರಳಲ್ಲ ಅಂತ. ಅವನ ಪ್ರೀತಿ ಅಲ್ಲಿಗೆ ಆರಿಹೋಗುತ್ತೆ.

ಇಲ್ಲಿ ನನ್ನ ಕಾಮರ್ಸ್ ತಲೆ ಎದ್ದು ಕೂತಿತು. ಮೋಹನ ಹಾಕಿದ ಲೆಕ್ಕ ಏನು?

ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದು 1956ರಲ್ಲಿ. ಅಂದ್ರೆ ತ್ರಿವೇಣಿ ಬರೀತಿದ್ದ ಕಾಲದಲ್ಲಿ ಅದು ಹೊಸ ಕಾನೂನು, ಮನೆಮನೆಯಲ್ಲೂ ಚರ್ಚೆ ಆಗ್ತಿದ್ದ ಕಾನೂನು. ಅದರ ಪ್ರಕಾರ ಆಸ್ತಿ ತಂದೆ ಸ್ವಂತ ದುಡಿದು ಮಾಡಿದ್ದಾಗಿದ್ದರೆ, ಅವರು ವಿಲ್ ಬರೆಯದೆ ತೀರಿಕೊಂಡರೆ, ಮಗಳಿಗೂ ಮಗನಷ್ಟೇ ಪಾಲು. ಆದರೆ ಪಿತ್ರಾರ್ಜಿತ ಅವಿಭಕ್ತ ಆಸ್ತಿ ಆಗಿದ್ದರೆ ಮಗ ಹುಟ್ಟುತ್ತಲೇ ಹಕ್ಕುದಾರ. ತೊಟ್ಟಿಲಲ್ಲಿರೋ ಮಗುವಿಗೆ ಇರೋ ಹಕ್ಕು ಕಾಲೇಜು ಓದಿದ ಅಕ್ಕನಿಗೆ ಇಲ್ಲ. ಲೆಕ್ಕವನ್ನ ತೀರಾ ಸರಳ ಮಾಡಿ ಹೇಳೋದಾದ್ರೆ, ಅರ್ಧ ಮಗನಿಗೆ ಹುಟ್ಟಿನಿಂದಲೇ ಹೋಯ್ತು. ಉಳಿದ ತಂದೆಯ ಅರ್ಧ ಭಾಗದಲ್ಲಿ ಮತ್ತೆ ಮಗನೂ ಮಗಳೂ ಪಾಲುದಾರರು. ಮಗಳಿಗೆ ಬರೋದು ಹೆಚ್ಚೆಂದ್ರೆ ಕಾಲು ಭಾಗ. ಮೋಹನನ ಕಣ್ಣಲ್ಲಿ ಪೂರ್ತಿ ತೋಟ ಒಂದು ಹೆರಿಗೆಯಲ್ಲಿ ಕಾಲು ತೋಟ ಆಯ್ತು. ಶೇಕಡಾ 75 ನಷ್ಟ. ಶೇರು ಪೇಟೆಯಲ್ಲಿ ಹೀಗಾದ್ರೆ ನಾವೂ ಮಾರಿಬಿಡ್ತೀವಿ, ಅವನೂ ಅದನ್ನೇ ಮಾಡಿದ.

ಇನ್ನೊಂದು ಸಂಗತಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಮೋಹನ ಯಾವತ್ತೂ ಬಾಯಿಬಿಟ್ಟು ವರದಕ್ಷಿಣೆ ಕೇಳಲಿಲ್ಲ ಅಂತ ಇಟ್ಟುಕೊಳ್ಳಿ. ಆದರೆ ಹುಡುಗಿ ಕೊಡ್ತೀವಿ ಅಂತ ಹೇಳಿ ಅಮೆರಿಕದ ಓದಿನ ಖರ್ಚು ಹೊರೋದು ಅಂದ್ರೆ ಏನು? ಮದುವೆಗೆ ಮುಂಚೆ ಕೊಟ್ಟ ಅಡ್ವಾನ್ಸ್. ಹೆಸರು ಬೇರೆ, ಅಷ್ಟೇ. ತ್ರಿವೇಣಿ ಈ ಮಾತನ್ನ ಕಾನೂನಿನ ಭಾಷೆಯಲ್ಲಿ ಹೇಳಲ್ಲ. ತೋಟದ ಮಂಜು, ಬೆಳಗಿನ ಕಾಫಿ, ಅಮ್ಮ ಮಗಳ ಮಾತು ಇದರ ನಡುವೆ ಇಟ್ಟು ಹೇಳ್ತಾರೆ. ಅದಕ್ಕೇ ನಲವತ್ತು ಪುಟಕ್ಕೆ ಮುಚ್ಚಿಟ್ಟವರಿಗೆ ಇದು ಸಿಗಲ್ಲ.

ಕೊನೆ ಏನು? ಮೋಹನನಿಗೆ ಅಪಘಾತ ಆಗುತ್ತೆ. ಇಂದಿರಾ ಅವನ ಆರೈಕೆ ಮಾಡ್ತಾಳೆ. ಆಗ ಅವನಿಗೆ ನಿಜವಾಗಿ ಪ್ರೀತಿ ಹುಟ್ಟುತ್ತೆ, ಮದುವೆ ಆಗ್ತೀನಿ ಅಂತಾನೆ. ನಮ್ಮ ಲೆಕ್ಕದಲ್ಲಿ ಇಲ್ಲಿಗೆ ಹಾಡು ಬರಬೇಕು, ಓಲಗ ಊದಬೇಕು. ಇಂದಿರಾ ಬೇಡ ಅಂತಾಳೆ. ಕಿರುಚಾಟ ಇಲ್ಲ, ಸೇಡು ಇಲ್ಲ. ಬೇಡ, ಅಷ್ಟೇ. ಇದನ್ನ ಪ್ರೇಮ ಕಾದಂಬರಿ ಅಂತ ಕರೀತೀವಿ, ಆದರೆ ಇದರ ಬೆನ್ನುಮೂಳೆ ಇರೋದು ಒಬ್ಬ ಹುಡುಗಿ ಮದುವೆಯನ್ನ ನಿರಾಕರಿಸೋದರಲ್ಲಿ. ಹೆಣ್ಣಿಗೆ ಮದುವೆಯ ಕನಿಷ್ಠ ವಯಸ್ಸು ಕಾನೂನಿನ ಪ್ರಕಾರ 15 ಇದ್ದ ಕಾಲ ಅದು. ಹದಿನೆಂಟಕ್ಕೆ ಏರಿದ್ದು 1978ರಲ್ಲಿ.

ಈ ಕತೆ ಹಳೇದಾಯ್ತಾ? ಕಾನೂನಂತೂ ಬದಲಾಯ್ತು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಆಗಿನ್ನೂ ಮದುವೆ ಆಗಿರದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನಷ್ಟು ಸ್ಪಷ್ಟ ಮಾಡಿತು. ಇವತ್ತು ಇಂದಿರಾ ಮತ್ತು ಅವಳ ತಮ್ಮ ಸಮಪಾಲುದಾರರು. ಆದರೆ ಮೋಹನ ಎಲ್ಲಿಗೂ ಹೋಗಿಲ್ಲ. ನಮ್ಮ ಮನೇಲಿ ನನಗೆ ಗಂಡು ನೋಡ್ತಿದ್ದಾರೆ. ಮ್ಯಾಟ್ರಿಮೊನಿ ಪ್ರೊಫೈಲ್ ನೋಡಿ ಫೋನ್ ಮಾಡಿದವರು, ಕೆಲಸ ಏನು, ಏನು ಓದಿದ್ದಾಳೆ ಅಂತ ಕೇಳೋ ಮುಂಚೆ ಅಪ್ಪನ ಹತ್ರ ಕೇಳ್ತಾರೆ, "ಒಬ್ಬಳೇ ಮಗಳಾ ಸಾರ್?" ಅಪ್ಪ ಮೊದಲೆಲ್ಲ ಇದು ಸುಮ್ಮನೆ ಪರಿಚಯದ ಮಾತು ಅಂದುಕೊಂಡಿದ್ದರು. ಈಗ ಸ್ಪೀಕರ್ ಆನ್ ಮಾಡಿ ನನ್ನ ಮುಖ ನೋಡ್ತಾರೆ. ಒಂದು ಸಲ ನಾನೇ ಹಿಂದಿನಿಂದ "ತೋಟ ಇಲ್ಲ ಅಂತ ಹೇಳಪ್ಪ" ಅಂದೆ. ಆ ಸಂಬಂಧ ಮುಂದುವರೀಲಿಲ್ಲ.

ಈಗ ಎರಡನೇ ಪುಸ್ತಕ. ಸಿಟ್ಟು ಬರೋ ಪುಸ್ತಕ.

ವಾಣಿಯವರ 'ಎರಡು ಕನಸು'. 1974ರಲ್ಲಿ ದೊರೈ-ಭಗವಾನ್ ನಿರ್ದೇಶನದಲ್ಲಿ ರಾಜ್‌ಕುಮಾರ್, ಕಲ್ಪನಾ, ಮಂಜುಳಾ ನಟಿಸಿದ ಸಿನಿಮಾ ಆಯ್ತು. ಹಾಡುಗಳು ಇವತ್ತಿಗೂ ಆಟೋಗಳಲ್ಲಿ ಕೇಳುತ್ತೆ. ಲೆಕ್ಚರರ್ ಒಬ್ಬ ಲಲಿತಾ ಅನ್ನೋಳನ್ನ ಪ್ರೀತಿಸಿರ್ತಾನೆ. ಮನೆಯವರ ಜಗಳದಲ್ಲಿ ಅದು ಮುರಿದು ಬೀಳುತ್ತೆ. ಅವನಿಗೆ ಗೌರಿ ಜೊತೆ ಮದುವೆ ಮಾಡ್ತಾರೆ. ಅವನು ಹಳೇ ನೆನಪಲ್ಲೇ ಇದ್ದಾನೆ. ಗೌರಿಯನ್ನ ಹೆಂಡತಿ ಅಂತ ಒಪ್ಪಿಕೊಳ್ಳಲ್ಲ. ಅವಳು ಅಡುಗೆ ಮಾಡ್ತಾಳೆ, ಅತ್ತೆಮನೆಯವರನ್ನ ನೋಡಿಕೊಳ್ತಾಳೆ, ಕಾಯ್ತಾಳೆ. ಲಲಿತಾ ಬೇರೆ ಮದುವೆಯಾಗಿ ಸುಖವಾಗಿದ್ದಾಳೆ ಅಂತ ಕಣ್ಣಾರೆ ಕಂಡಮೇಲೆ ಅವನಿಗೆ ಗೌರಿ ಕಾಣಿಸ್ತಾಳೆ.

ನನಗೆ ಇದರಲ್ಲಿ ಮೈ ಉರಿಯೋದು ಗಂಡನ ದುಃಖಕ್ಕೆ ಅಷ್ಟೊಂದು ಮರ್ಯಾದೆ ಸಿಗೋದು. ಅವನದು ಪ್ರೇಮವೈಫಲ್ಯ, ಅದಕ್ಕೆ ಹಾಡಿದೆ. ಅವಳದ್ದು? ಅವಳ ಎರಡು ವರ್ಷವೋ ಮೂರು ವರ್ಷವೋ ಯಾವ ಖಾತೆಗೂ ಜಮಾ ಆಗಲ್ಲ. ಇವತ್ತು ಫ್ರೆಂಡ್ ಒಬ್ಬಳು ಹೀಗಂತ ಹೇಳಿದ್ರೆ ನಾವು ಬ್ಯಾಗ್ ಪ್ಯಾಕ್ ಮಾಡೋಕೆ ಸಹಾಯಕ್ಕೇ ಹೋಗ್ತೀವಿ.

ಇದನ್ನೇ ಅಮ್ಮನ ಹತ್ರ ಹೇಳಿದೆ, ಸ್ವಲ್ಪ ಜೋರಾಗೇ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸ್ತಾ ಇದ್ದಳು. ತಲೆ ಎತ್ತದೇನೇ ಹೇಳಿದಳು, "ಗೌರಿ ಕಾದಿದ್ದು ಪ್ರೀತಿಗಲ್ಲ ಕಣೇ. ಅವಳಿಗೆ ಹೋಗೋಕೆ ಜಾಗ ಇರಲಿಲ್ಲ."

ಆಮೇಲೆ ನಾನು ಹೋಗಿ ಕಾನೂನು ನೋಡಿದೆ. ಹಿಂದೂ ವಿವಾಹ ಕಾಯ್ದೆ 1955ರದ್ದು. ಅದರಲ್ಲಿ ವಿಚ್ಛೇದನ ಇತ್ತು, ಆದರೆ ಕಾರಣಗಳ ಪಟ್ಟಿ ಬಿಗಿಯಾಗಿತ್ತು, ಕೋರ್ಟಲ್ಲಿ ಒಬ್ಬರ ತಪ್ಪನ್ನ ಇನ್ನೊಬ್ಬರು ಸಾಬೀತು ಮಾಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆ ಆಗೋ ಪರಸ್ಪರ ಸಮ್ಮತಿಯ ವಿಚ್ಛೇದನ ಆ ಕಾಯ್ದೆಗೆ ಸೇರಿದ್ದು 1976ರಲ್ಲಿ. ಸಿನಿಮಾ ಬಂದಿದ್ದು 1974. ಕಾದಂಬರಿ ಅದಕ್ಕೂ ಮುಂಚಿನದು. "ನೀನು ಯಾಕೆ ಬಿಟ್ಟು ಹೋಗಲಿಲ್ಲ" ಅಂತ ಗೌರಿಯನ್ನ ಕೇಳೋದು, ಆಗಿನ್ನೂ ಹಾಕದ ಬಸ್ಸನ್ನ ಯಾಕೆ ಹಿಡೀಲಿಲ್ಲ ಅಂತ ಕೇಳಿದ ಹಾಗೆ. ತವರಿಗೆ ಹೋದರೆ? ತವರಲ್ಲಿ ಮದುವೆಗಿರೋ ತಂಗಿಯರು ಇರ್ತಾರೆ. ಸಂಬಳದ ಕೆಲಸ? ಆ ನಾಯಕಿಯರಲ್ಲಿ ಎಷ್ಟು ಜನಕ್ಕೆ ಇತ್ತು?

ಇದರಿಂದ ನನ್ನ ಸಿಟ್ಟು ಹೋಯ್ತು ಅಂತೇನಿಲ್ಲ. ಜಾಗ ಬದಲಾಯಿಸಿತು. ಗೌರಿ ಮೇಲಿದ್ದ ಸಿಟ್ಟು ಅವಳು ನಿಂತಿದ್ದ ನೆಲದ ಮೇಲೆ ಹೋಯ್ತು. ಆದರೂ ಒಂದು ಮಾತು ಹೇಳಲೇಬೇಕು. ಅವಳಿಗೆ ದಾರಿ ಇರಲಿಲ್ಲ ಅನ್ನೋದು ಒಂದು, ಆ ದಾರಿ ಇಲ್ಲದಿರೋದನ್ನೇ ತಾಳ್ಮೆ ಅಂತ ಹೊಗಳಿ, ಕೊನೆಗೆ ಗಂಡನ ಪ್ರೀತಿಯನ್ನ ಬಹುಮಾನ ಕೊಡೋದು ಇನ್ನೊಂದು. ಮೊದಲನೆಯದು ಇತಿಹಾಸ. ಎರಡನೆಯದರಲ್ಲಿ ಬರೆದವರದ್ದೂ ತೆಗೆದವರದ್ದೂ ಆಯ್ಕೆ ಇದೆ. ಅದನ್ನ ನಾವು ಪ್ರಶ್ನೆ ಮಾಡಬಹುದು. ಅಮ್ಮನ ಮುಂದೆ ಸ್ವಲ್ಪ ಮೆತ್ತಗೆ ಪ್ರಶ್ನೆ ಮಾಡಬೇಕು, ಅಷ್ಟೇ. "ನಾನು ಓದು ಅಂತ ಕೊಟ್ಟೆ, ಆಡಿಟ್ ಮಾಡು ಅಂತ ಅಲ್ಲ" ಅಂದಳು.

ಇನ್ನು ಕೆಲವು ಕತೆಗಳಿಗೆ ಈ ರಿಯಾಯಿತಿಯೂ ಬೇಡ ಅನಿಸುತ್ತೆ. ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಬಂದ 'ಅನುರಾಗ ಅರಳಿತು' ನೋಡಿ, 1986ರ ಚಿತ್ರ. ಕಂಪನಿ ನಡೆಸೋ ಶ್ರೀಮಂತ ಹೆಣ್ಣು, ಅಲ್ಲಿಗೆ ಕೆಲಸಕ್ಕೆ ಬರೋ ಸ್ವಾಭಿಮಾನಿ ಗಂಡು. ಅವಳ 'ಸೊಕ್ಕು' ಇಳಿಸಿ ಒಳ್ಳೇ ಹೆಂಡತಿ ಮಾಡೋದೇ ಕತೆ. ಇದು ಎಷ್ಟು ಓಡಿತು ಅಂದ್ರೆ ತಮಿಳಲ್ಲಿ ರಜನಿಕಾಂತ್‌ರ 'ಮನ್ನನ್', ತೆಲುಗಲ್ಲಿ ಚಿರಂಜೀವಿಯವರ 'ಘರಾನಾ ಮೊಗುಡು' ಆಯ್ತು, ಎರಡೂ 1992ರಲ್ಲಿ. 1994ರಲ್ಲಿ ಹಿಂದಿಗೂ ಹೋಯ್ತು, 'ಲಾಡ್ಲಾ'. ಕನ್ನಡದ ಒಬ್ಬ ಕಾದಂಬರಿಗಾರ್ತಿಯ ಕತೆ ದಕ್ಷಿಣದ ಎರಡು ದೊಡ್ಡ ಸ್ಟಾರ್‌ಗಳ ದೊಡ್ಡ ಹಿಟ್ ಆಯ್ತು ಅನ್ನೋದು ಹೆಮ್ಮೆಯ ವಿಷಯ, ಇದು ಎಷ್ಟು ಜನಕ್ಕೆ ಗೊತ್ತು? ಜೊತೆಗೇ, ಬ್ಯಾಲೆನ್ಸ್ ಶೀಟ್ ಓದಬಲ್ಲ ಹೆಣ್ಣನ್ನ ಅಡುಗೆಮನೆಗೆ ತಂದು ನಿಲ್ಲಿಸೋದು ನಾಲ್ಕು ಭಾಷೆಯಲ್ಲೂ ಶಿಳ್ಳೆ ಗಿಟ್ಟಿಸ್ತು ಅನ್ನೋದು ಅಷ್ಟು ಹೆಮ್ಮೆಯದ್ದಲ್ಲ. ನನಗೆ ಇದನ್ನ ನೋಡೋವಾಗ ಕಂಪನಿಯ ಗತಿ ಏನಾಯ್ತೋ ಅನ್ನೋದೇ ಚಿಂತೆ.

ಈಗ ನಾನು ಆಗಲೇ ಹೇಳಿದ ಜಾಗ. 'ಶರಪಂಜರ'.

ಇದೂ ತ್ರಿವೇಣಿಯವರದ್ದೇ. 1971ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದರು. ಕಲ್ಪನಾ ಅಂದ್ರೆ ಇವತ್ತಿಗೂ ಮೊದಲು ನೆನಪಾಗೋದು ಇದರ ಕಾವೇರಿ ಪಾತ್ರ. ಮಿಮಿಕ್ರಿ ಕಾರ್ಯಕ್ರಮಗಳಲ್ಲಿ ಆ ಪಾತ್ರವನ್ನ ತಮಾಷೆ ಮಾಡೋದನ್ನ ನೋಡೇ ನಮ್ಮ ತಲೆಮಾರು ಬೆಳೆದದ್ದು. ಪುಸ್ತಕ ಓದಿದಮೇಲೆ ಆ ತಮಾಷೆಗೆ ನಗು ಬರಲ್ಲ.

ಕಾವೇರಿ ಮತ್ತು ಸತೀಶ್ ಪ್ರೀತಿಸಿದ ಗಂಡ ಹೆಂಡತಿ. ಪುಸ್ತಕದ ಮೊದಲ ಭಾಗ ನಿಜಕ್ಕೂ ಚಂದದ ಪ್ರೇಮಕತೆ. ಎರಡನೇ ಹೆರಿಗೆ ಆದಮೇಲೆ ಕಾವೇರಿಯ ಮನಸ್ಸು ಹದ ತಪ್ಪುತ್ತೆ. ಮಾನಸಿಕ ಆಸ್ಪತ್ರೆಗೆ ಸೇರಿಸ್ತಾರೆ. ಅವಳು ಗುಣ ಆಗ್ತಾಳೆ. ನಿಜವಾದ ಕತೆ ಶುರುವಾಗೋದು ಅಲ್ಲಿಂದ, ಗುಣವಾಗಿ ಮನೆಗೆ ಬಂದಮೇಲೆ. ಗಂಡ ಹತ್ತಿರ ಬರಲ್ಲ. ಮನೆಯವರು, ನೆಂಟರು, ಅಕ್ಕಪಕ್ಕದವರು ಎಲ್ಲರೂ ಅವಳ ಒಂದೊಂದು ಮಾತನ್ನ, ನಗುವನ್ನ ತೂಕ ಮಾಡ್ತಾರೆ. ಅವಳು ಕೋಪ ಮಾಡಿಕೊಂಡರೆ ಹುಚ್ಚು ಮರುಕಳಿಸ್ತು ಅಂತಾರೆ, ಸುಮ್ಮನಿದ್ದರೂ ಹಾಗೇ ಅಂತಾರೆ. ಗಂಡನಿಗೆ ಬೇರೊಬ್ಬಳ ಸಂಬಂಧ ಇದೆ ಅಂತ ಗೊತ್ತಾದಾಗ ಅವಳು ಮತ್ತೆ ಕುಸೀತಾಳೆ. ಮತ್ತೆ ಆಸ್ಪತ್ರೆ.

ನನ್ನ ಚಿಕ್ಕಮ್ಮನ ಮಗಳಿಗೆ ಮೂರು ವರ್ಷದ ಹಿಂದೆ ಮಗು ಆಯ್ತು. ಎಂಟನೇ ದಿನದಿಂದ ಅವಳಿಗೆ ನಿದ್ದೆ ಇಲ್ಲ. ಮಗುವನ್ನ ಯಾರೋ ಬದಲಾಯಿಸಿದ್ದಾರೆ ಅಂತ ಪಿಸುಗುಡೋಳು. ಮನೆಯಲ್ಲಿ ದೃಷ್ಟಿ ಅಂದರು, ಮೆಣಸಿನಕಾಯಿ ಸುಟ್ಟರು. ಅಜ್ಜಿಯೊಬ್ಬರು 'ಬಾಣಂತಿ ಸನ್ನಿ' ಅಂದರು. ನೋಡಿ, ಆ ಪದ ನಮ್ಮ ಭಾಷೆಯಲ್ಲಿ ಮೊದಲಿಂದ ಇದೆ. ಕಾಯಿಲೆ ಗೊತ್ತಿತ್ತು, ಚಿಕಿತ್ಸೆ ಇದೆ ಅನ್ನೋದು ಗೊತ್ತಿರಲಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಆರು ದಿನ ಕಳೆದಮೇಲೆ. ಕೆಲವು ವಾರದಲ್ಲಿ ಅವಳು ಚೇತರಿಸಿಕೊಂಡಳು, ಈಗ ಕೆಲಸಕ್ಕೂ ಹೋಗ್ತಾಳೆ. ಆದರೆ ಮೊನ್ನೆ ಒಂದು ಗೃಹಪ್ರವೇಶದಲ್ಲಿ ಅವಳು ಮಗನನ್ನ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತುವಾಗ ಇಬ್ಬರು ಹೆಂಗಸರು ಎದ್ದು ಹಿಂದೆಯೇ ಹೋದರು. ಸಹಾಯಕ್ಕಲ್ಲ, ಕಾವಲಿಗೆ. ಅವಳಿಗೂ ಗೊತ್ತಾಯ್ತು. ಅವಳು ತಿರುಗಿ ನೋಡಿದ ನೋಟವನ್ನ ನಾನು ಶರಪಂಜರದಲ್ಲಿ ಮತ್ತೆ ಓದಿದೆ. ಅರವತ್ತು ವರ್ಷದ ಹಿಂದೆ ಮೈಸೂರಲ್ಲಿ ಕೂತು ಒಬ್ಬರು ಅದನ್ನ ಬರೆದಿಟ್ಟಿದ್ದಾರೆ.

ವೈದ್ಯಕೀಯವಾಗಿ ಪುಸ್ತಕ ಹಳೇದೇ. ಕಾವೇರಿಯ ಕಾಯಿಲೆಗೆ ಅವಳ ಮನಸ್ಸಿನಲ್ಲಿ ಹೂತಿದ್ದ ಹಳೇ ಕಹಿ ಪ್ರಸಂಗವೊಂದನ್ನ ಕಾರಣ ಅಂತ ತೋರಿಸೋ ರೀತಿ ಆ ಕಾಲದ ಮನಶ್ಶಾಸ್ತ್ರದ್ದು. ಈಗ ತಿಳಿದಿರೋದು ಹೀಗೆ: ಹೆರಿಗೆ ಆದಮೇಲೆ ಕೆಲವು ದಿನ ಅಳು ಬರೋದು, ಬೇಸರ ಆಗೋದು ಬಹಳ ಸಾಮಾನ್ಯ, ತಾನಾಗೇ ಹೋಗುತ್ತೆ. ವಾರಗಟ್ಟಲೆ ಉಳಿಯೋ ಖಿನ್ನತೆ ಬೇರೆ, ಅದಕ್ಕೆ ಚಿಕಿತ್ಸೆ ಬೇಕು. ಕಾವೇರಿಗೆ ಬಂದಂಥ ತೀವ್ರ ಸ್ಥಿತಿ ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತೆ. ನಿದ್ದೆಯೇ ಇಲ್ಲದಿರೋದು, ಇಲ್ಲದ್ದು ಕೇಳಿಸೋದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಕಾಯೋ ಹಾಗಿಲ್ಲ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ. ಮುಂದಿನ ಹೆರಿಗೆಯಲ್ಲಿ ಮತ್ತೆ ಬರೋ ಸಾಧ್ಯತೆ ಇರೋದರಿಂದ ಮೊದಲೇ ವೈದ್ಯರಿಗೆ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳೋ ವಿಭಾಗವೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ. ಪ್ರೇಮ ಕಾದಂಬರಿ ಸಂಚಿಕೆಯಲ್ಲಿ ಹೆಲ್ಪ್‌ಲೈನ್ ನಂಬರ್ ಯಾಕೆ ಅಂತ ಕೇಳಬೇಡಿ, ಈ ಪುಸ್ತಕ ಓದಿದಮೇಲೆ ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ.

ಇದನ್ನ ಬರೆದವರು ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು ಅಂತ ಆಗಲೇ ಹೇಳಿದೆ. ಅದರ ಮೇಲೆ ನಾನೇನೂ ಸೇರಿಸಲ್ಲ.

ಹಾಗಾದ್ರೆ ಎಲ್ಲಾ ಒಳ್ಳೇದಾ? ಅಲ್ಲ. ಇವುಗಳಲ್ಲಿ ಏನಿದೆ ಅನ್ನೋಷ್ಟೇ ಏನಿಲ್ಲ ಅನ್ನೋದೂ ಮುಖ್ಯ. ಒಂದಾದ ಮೇಲೊಂದು ಎಂಟು ಪುಸ್ತಕ ಓದಿದರೆ ಎಂಟರಲ್ಲೂ ಹೆಚ್ಚುಕಮ್ಮಿ ಅದೇ ಮನೆ: ಮೈಸೂರೋ ಬೆಂಗಳೂರೋ ಮಲೆನಾಡೋ, ಓದಿದ ಮೇಲ್ಜಾತಿಯ ಮಧ್ಯಮ ವರ್ಗ, ಹಜಾರ, ಕಾಫಿ. ನಾಯಕ ಡಾಕ್ಟರ್, ಎಂಜಿನಿಯರ್ ಅಥವಾ ಲೆಕ್ಚರರ್. ಮನೆಗೆಲಸದವಳು ಬರ್ತಾಳೆ, ಅವಳಿಗೆ ಹೆಸರಿರುತ್ತೆ, ಪ್ರೀತಿ ಇರಲ್ಲ. ಬಿಳಿ ಬಣ್ಣದ ಮೋಹ ಪುಟಪುಟದಲ್ಲೂ ಇದೆ. ಜಾತಿ ಅನ್ನೋ ಮಾತೇ ಅಪರೂಪ, ಯಾಕಂದ್ರೆ ಎಲ್ಲರದ್ದೂ ಒಂದೇ. ಹಾಂ, ಪತ್ರ ಕೈತಪ್ಪಿ ಹೋಗೋದರ ಮೇಲೆ ನಿಂತ ಕತೆಗಳನ್ನ ಕ್ಷಮಿಸಬಹುದು. ಬ್ಲೂ ಟಿಕ್ ಬಂದಮೇಲೆ ಕಾದಂಬರಿಗಾರರ ಹೊಟ್ಟೆ ಮೇಲೆ ಹೊಡೆದ ಹಾಗಾಗಿದೆ.

ಅದೇ ಕಾಲದಲ್ಲಿ ಬೇರೆ ಮನೆಯ ಪ್ರೀತಿ ಹೇಗಿತ್ತು ಅಂತ ನೋಡಬೇಕಾದ್ರೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ. ಎಂಬತ್ತರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಇದೂ ವಾರವಾರ ಓದಿಸಿಕೊಂಡ ಕತೆಯೇ, ಇಲ್ಲೂ ಗಂಡ ಹೆಂಡತಿ ಒಬ್ಬರನ್ನೊಬ್ಬರು ಪ್ರೀತಿಸ್ತಾರೆ. ನಾದಿರಾಳನ್ನ ಗಂಡನಿಂದ ಬಿಡಿಸೋದು ಅವಳ ಅಪ್ಪನ ಹಟ. ಮತ್ತೆ ಸೇರಬೇಕಾದ್ರೆ ಅವಳು ಇನ್ನೊಬ್ಬನನ್ನ ಒಂದು ರಾತ್ರಿಯ ಮಟ್ಟಿಗೆ ಮದುವೆ ಆಗಬೇಕು ಅಂತ ಗಂಡಸರು ಕೂತು ತೀರ್ಮಾನ ಮಾಡ್ತಾರೆ. ಅವಳನ್ನ ಯಾರೂ ಕೇಳಲ್ಲ. ಚಿಕ್ಕ ಪುಸ್ತಕ, ಒಂದು ಭಾನುವಾರಕ್ಕೆ ಮುಗಿಯುತ್ತೆ. ಸೋಮವಾರ ಬೆಳಗ್ಗೆ ಮಾತ್ರ ಕಷ್ಟ.

ಎಲ್ಲಿಂದ ಶುರು ಮಾಡೋದು ಅಂದ್ರೆ, ವಾಯ್ಸ್ ನೋಟ್ ಕಳಿಸಿದವರಿಗೆ ನನ್ನ ಸಲಹೆ ಇದು. ಮೊದಲು ಬೆಳ್ಳಿಮೋಡ. ಮೊದಲ ಐವತ್ತು ಪುಟ ನಿಧಾನ, ಆ ತಾಯಿಯ ಬಸಿರು ತನಕ ತಾಳ್ಮೆ ಇರಲಿ. ಆಮೇಲೆ ಶರಪಂಜರ, ಆದರೆ ಮನೆಯಲ್ಲಿ ಬಾಣಂತಿ ಇದ್ದರೆ ಅವರ ಕೈಗೆ ಕೊಡಬೇಡಿ, ಅವರ ಗಂಡನ ಕೈಗೆ ಕೊಡಿ. ಎರಡು ಕನಸನ್ನ ಒಬ್ಬರೇ ಓದಬೇಡಿ, ಅಮ್ಮನ ಜೊತೆಗೋ ಅತ್ತೆ ಜೊತೆಗೋ ಓದಿ, ಜಗಳ ಆಡೋಕೆ ಯಾರಾದ್ರೂ ಬೇಕು. ಅಟ್ಟದ ಪೆಟ್ಟಿಗೆ ಇಲ್ಲದವರು ನಿಮ್ಮ ಏರಿಯಾದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಸೆಸ್ ಅಂತ ಕಟ್ತಾ ಇದ್ದೀರಿ, ರಸೀದಿ ತೆಗೆದು ನೋಡಿ. ದುಡ್ಡು ಕೊಟ್ಟಮೇಲೆ ಪುಸ್ತಕ ತರದೇ ಇರೋದು ನನ್ನ ಕಾಮರ್ಸ್ ಮನಸ್ಸಿಗೆ ತಡೆಯಲ್ಲ.

ಅಮ್ಮನ ಹೊಲಿದ ಕಟ್ಟುಗಳಲ್ಲಿ ಒಂದಕ್ಕೆ ಕೊನೆಯ ಕಂತೇ ಇಲ್ಲ. ಶೀರ್ಷಿಕೆ ಇದ್ದ ಮೊದಲ ಪುಟವೂ ಹರಿದುಹೋಗಿದೆ. ನಾಯಕಿ ಹೆಸರು ಸುಮಿತ್ರಾ, ಅವಳು ಶಿವಮೊಗ್ಗದಲ್ಲಿ ಟೈಪಿಸ್ಟ್, ಅವಳ ಸಂಬಳದಲ್ಲೇ ಮನೆ ನಡೀತಿದೆ ಅಂತ ಮದುವೆಯನ್ನ ಮನೆಯವರೇ ಮುಂದೂಡ್ತಿದ್ದಾರೆ. ಅವಳು ಮೇಲಧಿಕಾರಿಗೆ ವರ್ಗಾವಣೆ ಅರ್ಜಿ ಕೊಟ್ಟು ಬರೋ ಕಡೆಗೆ ನಿಂತಿದೆ. ಮುಂದೇನಾಯ್ತು ಅಂತ ಅಮ್ಮನಿಗೂ ನೆನಪಿಲ್ಲ. ನಿಮ್ಮ ಮನೇಲಿ ಯಾರಾದ್ರೂ ಇದನ್ನ ಓದಿದ್ದರೆ ದಯವಿಟ್ಟು ಒಂದು ವಾಯ್ಸ್ ನೋಟ್ ಕಳಿಸಿ. ಅರ್ಜಿ ಮಂಜೂರಾಯ್ತಾ ಇಲ್ವಾ ಅಂತ ಅಮ್ಮ ದಿನಾ ಕೇಳ್ತಿದ್ದಾಳೆ.